ರಾಜಾ ರವಿವರ್ಮನ ಜೀವಿತವೂ ಶಾಕುಂತಲ ಚಿತ್ರಗಳೂ

ಅಭಿಜ್ಞಾನಶಾಕುಂತಲದ ಮೂರನೆಯ ಅಂಕವನ್ನು ಪಾಠಹೇಳಲು ತೊಡಗುವ ಉಪಾಧ್ಯಾಯನಿಗೆ ಒಂದು ವಿಚಿತ್ರವಾದ ಅನುಭವವಾಗುವುದುಂಟು. ಶಕುಂತಲೆಯು ಹೇಗಿದ್ದಳೆಂಬುದನ್ನು ಆತನು ವರ್ಣಿಸುವುದಕ್ಕೆ ಮೊದಲೇ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಒಂದು ಮೂರ್ತಿಯು ಸಿದ್ಧವಾಗಿ ನಿಂತಿರುತ್ತದೆ: ತಾವರೆಯೆಲೆಯ ಮೇಲೆ ಬರೆಯುತ್ತಿರುವ ತರುಣಿ, ಬಳಿಯಲ್ಲಿ ಇಬ್ಬರು ಸಖಿಯರು. ಈ ಮೂರ್ತಿಯು ಅವರಿಗೆ ಕಾಳಿದಾಸನಿಂದ ಬಂದುದಲ್ಲ; ಗೋಡೆಯ ಪಟದಿಂದ ಬಂದುದು. ಹಂಸದ ಮಾತಿಗೆ ಕಿವಿಗೊಟ್ಟು ನಿಂತ ದಮಯಂತಿ, ಬಂಡೆಯ ಮೇಲೆ ಕುಳಿತು ವೀಣೆ ನುಡಿಸುವ ಸರಸ್ವತಿ, ಕಮಲದ ಮೇಲೆ ನಿಂತ ಲಕ್ಷ್ಮಿ ಇವರ ಸಂಗತಿಯೂ ಹೀಗೆಯೇ. ಕನಕದಾಸರ ನಳಚರಿತ್ರೆಯನ್ನು ಓದುವ ಕನ್ನಡಿಗನು ಕೂಡ ಬಲು ಮಟ್ಟಿಗೆ ರವಿವರ್ಮನ ದಮಯಂತಿಯನ್ನೇ ಕಣ್ಣಮುಂದೆ ಇಟ್ಟುಕೊಂಡು ಓದುತ್ತಾನೆ.

ಒಬ್ಬ ಚಿತ್ರಕಾರನು ಒಂದು ದೇಶದ ಕಾವ್ಯಪ್ರತೀತಿಯನ್ನು ಇಷ್ಟರಮಟ್ಟಿಗೆ ಆಳಿದನೆಂದ ಮೇಲೆ, ಆತನು ಕವಿಯ ಅಭಿಪ್ರಾಯವನ್ನು ಸರಿಯಾಗಿ ಗ್ರಹಿಸಿದನೇ ಎಂಬ ವಿಚಾರವು ಸಾಹಿತ್ಯವನ್ನು ಬೋಧಿಸುವವರಿಗೆ ಅನಾವಶ್ಯಕವಾದುದಲ್ಲ. ರವಿವರ್ಮನನ್ನು ಕೊಂಡಾಡಿದವರೂ ಉಂಟು, ಭಾರತೀಯ ಕಲೆಯನ್ನು ಕೆಡಿಸಿದವನೆಂದು ಹಳಿದವರೂ ಉಂಟು. ಈ ವಾದವು ಹೆಚ್ಚಾಗಿ ತೈಲವರ್ಣ, ಪಾಶ್ಚಾತ್ಯ ಪದ್ಧತಿ, ರಾಷ್ಟ್ರೀಯತೆ ಇವುಗಳನ್ನು ಕುರಿತು ನಡೆಯಿತು; ಕವಿವಾಕ್ಯವೆಂಬ ಪ್ರಮಾಣವು ಹಿಂದಾಯಿತು. ಆತನ ಚಿತ್ರಗಳು ಒಂದು ಬಗೆಯ ವ್ಯಾಖ್ಯಾನಗಳು. ವ್ಯಾಖ್ಯಾನವನ್ನು ಮೂಲದೊಡನೆ ಇಟ್ಟು ನೋಡುವುದೇ ಕ್ರಮ. ಇದಕ್ಕೆ ಮುಂಚೆ ಆತನ ಜೀವಿತವನ್ನು ಕೊಂಚ ತಿಳಿಯಬೇಕು.

ರವಿವರ್ಮನು ೧೮೪೮ನೆಯ ಇಸವಿ ಏಪ್ರಿಲ್ ೨೯ರಂದು ತಿರುವಾಂಕೂರು ಸಂಸ್ಥಾನದ ಕಿಳಿಮಾನೂರಿನಲ್ಲಿ ಜನಿಸಿದನು. ಈ ಮನೆತನಕ್ಕೂ ತಿರುವಾಂಕೂರು ರಾಜವಂಶಕ್ಕೂ ವಿವಾಹಸಂಬಂಧವು ಹಿಂದಿನಿಂದ ನಡೆದುಬಂದುದು. ತಂದೆ ನೀಲಕಂಠ ಭಟ್ಟತಿರಿಪ್ಪಾಡನು ಸಂಸ್ಕೃತ ಪಂಡಿತ. ತಾಯಿ ಉಮಾಂಬೆಯು ಪಾರ್ವತೀಸ್ವಯಂವರವೆಂಬ ತುಳ್ಳಲ್ ಪ್ರಬಂಧವನ್ನು ರಚಿಸಿದ ಕವಯಿತ್ರಿ. ಕೇರಳದ ಮರುಮಕ್ಕತ್ತಾಯದಲ್ಲಿ, ತುಳುನಾಡಿನ ಅಳಿಯಸಂತಾನದಲ್ಲಿ ಹೇಗೋ ಹಾಗೆ, ಸೋದರಮಾವನೇ ಮನೆಯ ಯಜಮಾನ. ಈ ಸೋದರಮಾವ ರಾಜರಾಜವರ್ಮನು ತಂಜಾವೂರು ಪದ್ಧತಿಯಲ್ಲಿ ಚಿತ್ರ ಬರೆಯಬಲ್ಲವನಾಗಿದ್ದನು. ಬಾಲಕನು ಗೋಡೆಗಳ ಮೇಲೆ ಇದ್ದಿಲಿನಿಂದ ಗೀಚಿದುದನ್ನು ಕಂಡು ಗದರಿಸದೆ, ಅದರಲ್ಲಿ ಶಕ್ತಿಯನ್ನು ಗುರುತಿಸಿದವನು ಇವನೇ. ತಾಯಿತಂದೆಗಳಿಂದ ಕಾವ್ಯ, ಮಾವನಿಂದ ಕುಂಚ ಎಂಬ ಈ ಸಂಯೋಗವನ್ನು ಮರೆತರೆ ಮುಂದಿನ ಚಿತ್ರಗಳು ಅರ್ಥವಾಗುವುದಿಲ್ಲ.

೧೮೬೨ರಲ್ಲಿ ಹದಿನಾಲ್ಕು ವರ್ಷದ ಹುಡುಗನನ್ನು ಮಾವನು ತಿರುವನಂತಪುರಕ್ಕೆ ಕರೆದೊಯ್ದು ಆಯಿಲ್ಯಂ ತಿರುನಾಳ್ ಮಹಾರಾಜರ ಆಶ್ರಯದಲ್ಲಿ ಇರಿಸಿದನು. ಜಲವರ್ಣದ ಕೆಲಸವು ಅಲ್ಲಿ ಸುಲಭವಾಗಿಯೇ ಕೈವಶವಾಯಿತು. ತೈಲವರ್ಣವಾದರೋ ಆಗ ಆ ಸೀಮೆಯಲ್ಲಿ ಹೊಸ ವಿದ್ಯೆ. ಅದನ್ನು ಬಲ್ಲ ಆಸ್ಥಾನಚಿತ್ರಕಾರ ರಾಮಸ್ವಾಮಿ ನಾಯ್ಡುವು ಹೇಳಿಕೊಡಲು ಒಪ್ಪಲಿಲ್ಲವೆಂದೂ, ಆತನ ಶಿಷ್ಯನೊಬ್ಬನು ಗುಟ್ಟಾಗಿ ಕಲಿಸಿದನೆಂದೂ ಚರಿತ್ರಕಾರರು ಹೇಳುವರು. ೧೮೬೮ರಲ್ಲಿ ಥಿಯೊಡೋರ್ ಜೆನ್ಸನ್ ಎಂಬ ಐರೋಪ್ಯ ಚಿತ್ರಕಾರನು ಅರಮನೆಗೆ ಬಂದಾಗ ಆತನೂ ಕಲಿಸಲಿಲ್ಲ. ಮಹಾರಾಜರ ಮಾತಿಗೆ ಕಟ್ಟುಬಿದ್ದು ತಾನು ಬರೆಯುವುದನ್ನು ನೋಡಲು ಮಾತ್ರ ಬಿಟ್ಟನು. ನೋಡಿ ಕಲಿತ ವಿದ್ಯೆಯು ಕೇಳಿ ಕಲಿತ ವಿದ್ಯೆಗಿಂತ ಗಟ್ಟಿಯಾಗುವುದೂ ಉಂಟು. ಆದರೆ ದೇಹರಚನೆಯಲ್ಲಿ ಕೆಲವೆಡೆ ಕಂಡುಬರುವ ಶೈಥಿಲ್ಯಕ್ಕೆ ಕ್ರಮವಾದ ಶಿಕ್ಷಣವಿಲ್ಲದ್ದೇ ಕಾರಣವೆಂದು ಊಹಿಸಬಹುದು.

ಚಿತ್ರರಚನೆಯನ್ನೇ ವೃತ್ತಿಯಾಗಿ ಹಿಡಿಯುವುದು ಅಂಥ ಮನೆತನದವನಿಗೆ ಸಾಮಾನ್ಯವಾದ ನಿರ್ಧಾರವಲ್ಲ. ಅದನ್ನು ಕೈಕೊಳ್ಳುವ ಮುನ್ನ ರವಿವರ್ಮನು ೧೮೭೦ರಲ್ಲಿ ಕೊಲ್ಲೂರಿಗೆ ಬಂದು ಮೂಕಾಂಬಿಕೆಯ ಸನ್ನಿಧಿಯಲ್ಲಿ ೪೧ ದಿನಗಳ ವ್ರತವನ್ನು ಆಚರಿಸಿದನು. ಹಿಂತಿರುಗುವಾಗ ಕಲ್ಲಿಕೋಟೆಯಲ್ಲಿ ಹಣಕ್ಕೆ ಚಿತ್ರ ಬರೆಯುವ ಮೊದಲ ಕೆಲಸವು ದೊರೆಯಿತು. ೧೮೭೩ರ ಮದರಾಸಿನ ಕಲಾಪ್ರದರ್ಶನದಲ್ಲಿ ಮುಡಿಗೆ ಹೂಮಾಲೆ ಮುಡಿಯುವ ನಾಯರ್ ಸ್ತ್ರೀಯ ಚಿತ್ರಕ್ಕೆ ಚಿನ್ನದ ಪದಕವು ಬಂದಿತು; ಅದೇ ವರ್ಷ ವಿಯೆನ್ನಾ ಪ್ರದರ್ಶನದಲ್ಲಿಯೂ ಮನ್ನಣೆ ದೊರೆಯಿತು. ಆ ಮೇಲೆ ಪದಕಗಳಿಗೂ ಭಾವಚಿತ್ರಗಳ ಬೇಡಿಕೆಗೂ ಲೆಕ್ಕವಿಲ್ಲ; ಅವನ್ನೆಲ್ಲ ಇಲ್ಲಿ ಪಟ್ಟಿಮಾಡುವುದರಿಂದ ಪ್ರಯೋಜನವಿಲ್ಲ.

ಮೈಸೂರಿನ ಸಂಬಂಧವನ್ನು ಮಾತ್ರ ಹೇಳಲೇಬೇಕು. ೧೮೮೫ರಲ್ಲಿ ಚಾಮರಾಜೇಂದ್ರ ಒಡೆಯರವರ ಆಹ್ವಾನದ ಮೇರೆಗೆ ರವಿವರ್ಮನು ಮೈಸೂರಿಗೆ ಬಂದು ರಾಜಕುಟುಂಬದವರ ಭಾವಚಿತ್ರಗಳನ್ನು ರಚಿಸಿದನು. ಬಸವಪ್ಪಶಾಸ್ತ್ರಿಗಳ ಕನ್ನಡ ಶಾಕುಂತಲವು ಅದೇ ಪ್ರಭುಗಳ ಆಶ್ರಯದಲ್ಲಿ, ಅದೇ ದಶಕದ ಆದಿಯಲ್ಲಿ ಹುಟ್ಟಿದುದು. ಒಂದೇ ಆಸ್ಥಾನವು ಕಾಳಿದಾಸನನ್ನು ಕನ್ನಡಕ್ಕೆ ತಂದವನನ್ನೂ ಕಣ್ಣಿಗೆ ತಂದವನನ್ನೂ ಮನ್ನಿಸಿತು.

ಬರೋಡೆಯ ಸಯಾಜಿರಾವ್ ಗಾಯಕವಾಡರು ೧೮೮೮ರಲ್ಲಿ ಹದಿನಾಲ್ಕು ಪುರಾಣಚಿತ್ರಗಳನ್ನು ಬರೆದುಕೊಡುವಂತೆ ಕೇಳಿದುದು ಆತನ ಜೀವಿತದಲ್ಲಿ ದೊಡ್ಡ ತಿರುವು. ಆಗ ಒಂದು ಸಂದೇಹವು ಎದ್ದಿತು: ಪುರಾಣದ ಸ್ತ್ರೀಪುರುಷರಿಗೆ ಯಾವ ಉಡುಗೆಯನ್ನು ತೊಡಿಸುವುದು? ರವಿವರ್ಮನೂ ತಮ್ಮನಾದ ಸಿ. ರಾಜರಾಜವರ್ಮನೂ (ಸೋದರಮಾವನ ಹೆಸರೇ ಈತನಿಗೂ) ಉತ್ತರದೇಶಗಳಲ್ಲಿ ಸಂಚರಿಸಿ ಹುಡುಕಿದರು. ಎಲ್ಲ ಪ್ರಾಂತಗಳಿಗೂ ಸಮಾನವಾದ ಪ್ರಾಚೀನ ವೇಷವೆಂಬುದು ಎಲ್ಲಿಯೂ ಕಾಣಲಿಲ್ಲ. ಕೊನೆಗೆ ಸೀರೆಯೇ ಗತಿಯಾಯಿತು. ಹೀಗೆ ಮಲೆಯಾಳದ ಮುಖಕ್ಕೆ ಮಹಾರಾಷ್ಟ್ರದ ಸೀರೆಯನ್ನು ಸೇರಿಸಿ, ಯಾವ ಪ್ರಾಂತಕ್ಕೂ ಪೂರ್ಣವಾಗಿ ಸೇರದ, ಆದಕಾರಣವೇ ಎಲ್ಲ ಪ್ರಾಂತದವರೂ ತಮ್ಮವಳೆಂದು ಬಗೆಯಬಹುದಾದ ನಾಯಿಕೆಯನ್ನು ಆತನು ಸೃಷ್ಟಿಸಿದನು. ಇದು ಶಾಸ್ತ್ರದೃಷ್ಟಿಯಿಂದ ಸಾಧುವೋ ಅಸಾಧುವೋ, ಫಲವು ಮಾತ್ರ ಅಪಾರವಾದುದು.

ಇನ್ನು ಪ್ರಕೃತಕ್ಕೆ ಬರೋಣ. ಶಕುಂತಲೆಯನ್ನು ಕುರಿತ ಚಿತ್ರಗಳಲ್ಲಿ ಮೊದಲು ಕೀರ್ತಿವಡೆದುದು ೧೮೭೬ರ ಪತ್ರಲೇಖನ. ಮದರಾಸಿನ ಗವರ್ನರನಾಗಿದ್ದ ಬಕಿಂಗ್‌ಹ್ಯಾಮ್ ಡ್ಯೂಕನು ಇದನ್ನು ಕೊಂಡನು. ಮೋನಿಯರ್ ವಿಲಿಯಮ್ಸನು ತನ್ನ ಶಾಕುಂತಲದ ಆಂಗ್ಲಾನುವಾದಕ್ಕೆ ಮುಖಚಿತ್ರವಾಗಿ ಅಳವಡಿಸಿಕೊಂಡನು. ಶಕುಂತಲೆಯು ನೆಲದ ಮೇಲೆ ಮೈಚಾಚಿ ಒರಗಿ ಬರೆಯುತ್ತಿದ್ದಾಳೆ. ಮುಂದೆ ಸಿಸ್ಟರ್ ನಿವೇದಿತೆಯು ಆಕ್ಷೇಪಿಸಿದುದು ಮುಖ್ಯವಾಗಿ ಈ ಭಂಗಿಯನ್ನೇ. ಹಾಗೆ ಮಲಗಿ ಪತ್ರ ಬರೆಯುವುದು ಭಾರತೀಯ ಕುಲಸ್ತ್ರೀಯ ಮರ್ಯಾದೆಗೆ ಒಪ್ಪದು, ಇಂಥದನ್ನು ಮನೆಮನೆಗೆ ಹಂಚುವುದು ಆದರ್ಶವನ್ನು ಕೆಳಗಿಳಿಸಿದಂತೆ ಎಂಬುದು ಆಕೆಯ ಅಭಿಪ್ರಾಯದ ಸಾರ.

ಮೂಲವು ಏನು ಹೇಳುತ್ತದೆ? ಮೂರನೆಯ ಅಂಕದಲ್ಲಿ ಮರೆಯಲ್ಲಿ ನಿಂತ ದುಷ್ಯಂತನ ಕಣ್ಣಿಗೆ ಶಕುಂತಲೆಯು ಮೊದಲು ಬೀಳುವುದು ಹೂಹಾಸಿದ ಶಿಲಾತಲದ ಮೇಲೆ ಮಲಗಿದವಳಾಗಿಯೇ. ಸಂತಾಪದಿಂದ ಬಳಲಿದವಳು ಆಕೆ; ಸಖಿಯರು ಉಪಚರಿಸುತ್ತಿದ್ದಾರೆ. ಆದುದರಿಂದ ಮಲಗಿರುವುದು ಚಿತ್ರಕಾರನ ಸ್ವೈರಕಲ್ಪನೆಯಲ್ಲ, ಕಾಳಿದಾಸನದೇ. ಇಷ್ಟರಮಟ್ಟಿಗೆ ನಿವೇದಿತೆಯ ಆಕ್ಷೇಪವು ಚಿತ್ರಕಾರನಿಗಲ್ಲದೆ ಕವಿಗೇ ತಗಲುತ್ತದೆ. ಆದರೆ ವಿಚಾರವು ಇಲ್ಲಿಗೆ ಮುಗಿಯದು. ಸಖಿಯರು ಪ್ರಣಯಪತ್ರವನ್ನು ರಚಿಸೆಂದು ಒತ್ತಾಯಪಡಿಸಿ, ಆಕೆಯು ಒಪ್ಪಿದ ಮೇಲೆ, ಕವಿಯು ರಂಗಸೂಚನೆಯಲ್ಲಿ ಆಕೆಯನ್ನು ಕುಳ್ಳಿರಿಸುತ್ತಾನೆ. ಕುಳಿತು ಚಿಂತಿಸುತ್ತಾಳೆ, ಬರೆಯುವ ಸಾಧನವಿಲ್ಲವೆನ್ನುತ್ತಾಳೆ, ಆ ಬಳಿಕವೇ ತಾವರೆಯೆಲೆಯ ಮೇಲೆ ಉಗುರಿನಿಂದ ಬರೆಯುವ ಉಪಾಯವನ್ನು ಪ್ರಿಯಂವದೆಯು ಸೂಚಿಸುವುದು. ಎಂದಮೇಲೆ ಲೇಖನಕಾಲದಲ್ಲಿ ಶಕುಂತಲೆಯು ಆಸೀನಳು, ಶಯಾನೆಯಲ್ಲ.

ಈ ಸಣ್ಣ ಸೂಚನೆಯಲ್ಲಿ ಕವಿಯ ಔಚಿತ್ಯಪ್ರಜ್ಞೆಯು ಅಡಗಿದೆ. ವ್ಯಾಧಿತೆಯಂತಿದ್ದವಳು ಮನೋರಥಕ್ಕೆ ಒಂದು ದಾರಿ ಕಂಡೊಡನೆ ಏಳುತ್ತಾಳೆ. ಎದ್ದುದೇ ಆಶೆಯ ಅನುಭಾವ. ರವಿವರ್ಮನು ಮೊದಲ ಕ್ಷಣದ ಶಯನವನ್ನೂ ಎರಡನೆಯ ಕ್ಷಣದ ಲೇಖನವನ್ನೂ ಒಂದೇ ಪಟದಲ್ಲಿ ಬೆರಸಿದನು. ವಿಷಯವನ್ನು ಒಂದೇ ನೋಟದಲ್ಲಿ ತಿಳಿಸಬೇಕಾದ ಚಿತ್ರಕಾರನಿಗೆ ಇಂಥ ಬೆರಕೆಗೆ ಅಧಿಕಾರವುಂಟು. ಆದರೆ ಇಲ್ಲಿ ಬೆರಕೆಯಿಂದ ಕಳೆದುಹೋದುದು ಆ ಏಳುವಿಕೆಯೇ. ನಿವೇದಿತೆಯು ದೋಷವನ್ನು ಕಂಡಳು, ಕಾರಣವನ್ನು ಕಾಣಲಿಲ್ಲ. ದೋಷವು ಶೀಲದ್ದಲ್ಲ, ಕ್ಷಣದ್ದು. ಎಷ್ಟೋ ಶಾಲಾಪುಸ್ತಕಗಳ ಚಿತ್ರಗಳಿಗೆ ಈ ಭಂಗಿಯೇ ಮಾದರಿಯಾದುದರಿಂದ ಮೂರನೆಯ ಅಂಕದ ರಂಗಸೂಚನೆಯನ್ನು ಉಪಾಧ್ಯಾಯರು ನಿಂತು ಓದಿಸುವುದು ಲೇಸು.

ಇದಕ್ಕೆ ಪ್ರತಿಯಾಗಿ ೧೮೯೮ರ ಚಿತ್ರವನ್ನು ನೋಡಬೇಕು. ಶಕುಂತಲೆಯು ಸಖಿಯ ಹೆಗಲಿಗೆ ಕೈಯೂರಿ, ಒಂದು ಕಾಲನ್ನೆತ್ತಿ, ಮುಳ್ಳು ತೆಗೆಯುವ ನೆವದಿಂದ ಹಿಂದಿರುಗಿ ನೋಡುತ್ತಿದ್ದಾಳೆ. ಈ ಸಂಗತಿಯು ನಡೆಯುವುದು ಮೊದಲನೆಯ ಅಂಕದ ಕೊನೆಯಲ್ಲಿ. ಆದರೆ ಅದರ ಪೂರ್ಣವಾದ ವರ್ಣನೆಯು ಬರುವುದು ಎರಡನೆಯ ಅಂಕದಲ್ಲಿ, ವಿದೂಷಕನಿಗೆ ದುಷ್ಯಂತನು ಹೇಳುವ ಮಾತಿನಲ್ಲಿ. ಕಾಲಿಗೆ ದರ್ಭೆ ಚುಚ್ಚಿತೆಂದು ಕಾರಣವಿಲ್ಲದೆ ನಿಂತಳು, ಕೊಂಬೆಗೆ ಸಿಕ್ಕದ ನಾರುಮಡಿಯನ್ನು ಬಿಡಿಸುವಂತೆ ಮಾಡಿ ಮುಖವನ್ನು ತಿರುಗಿಸಿದಳು ಎಂಬುದು ಅದರ ತಾತ್ಪರ್ಯ. ಅಂದರೆ ಇದು ನಡೆದುದರ ವರದಿಯಲ್ಲ. ಪ್ರೇಮಿಯ ಸ್ಮೃತಿಯಲ್ಲಿ ಉಳಿದ ಚಿತ್ರ. ರವಿವರ್ಮನು ಇದನ್ನು ಬರೆಯುವಾಗ ದುಷ್ಯಂತನನ್ನು ಪಟದಲ್ಲಿ ಎಲ್ಲಿಯೂ ಬರೆಯಲಿಲ್ಲ. ಆಕೆಯ ದೃಷ್ಟಿಯು ಪಟದ ಹೊರಗೆ ಹೋಗುತ್ತದೆ. ನೋಡುವವನು ನಿಂತಿರುವ ಕಡೆಯಲ್ಲಿಯೇ ಎಲ್ಲಿಯೋ ರಾಜನು ನಿಂತಿರಬೇಕು. ಕವಿಯು ಸ್ಮೃತಿಯಾಗಿ ಹೇಳಿದುದನ್ನು ಚಿತ್ರಕಾರನು, ಸ್ಮರಿಸುವವನ ಸ್ಥಾನದಲ್ಲಿ ಸಹೃದಯನನ್ನು ನಿಲ್ಲಿಸಿ ತೋರಿಸಿದನು.

ಇದನ್ನು ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ, ವಾಚ್ಯವಾದುದು ಮುಳ್ಳು, ಪ್ರತೀಯಮಾನವಾದುದು ಅನುರಾಗ. ನಾಯಕನನ್ನು ಬರೆದಿದ್ದರೆ ಅನುರಾಗವೂ ವಾಚ್ಯವಾಗಿ ಧ್ವನಿಯು ಕೆಡುತ್ತಿತ್ತು. ಶಕುಂತಲೆಯ ಮೈಮೇಲೆ ವಲ್ಕಲವಿಲ್ಲದೆ ನೇಯ್ದ ಬಟ್ಟೆಯಿರುವುದು ಮೂಲಕ್ಕೆ ವಿರುದ್ಧವೆಂಬುದು ನಿಜ. ಈ ಗುಣದ ಎದುರಿಗೆ ಅದು ಅಲ್ಪದೋಷ. ಪಾಶ್ಚಾತ್ಯ ಸಾಧನವನ್ನು ಹಿಡಿದವನಿಗೆ ಭಾರತೀಯ ಭಾವವು ದೊರೆಯದೆಂಬ ವಾದಕ್ಕೆ ಈ ಪಟವೊಂದೇ ಸಾಕಾದ ಉತ್ತರ.

ಮೂರನೆಯದು ಶಕುಂತಲಾಜನನ. ಮೇನಕೆಯು ಶಿಶುವನ್ನು ಮುಂದೊಡ್ಡುತ್ತಾಳೆ. ವಿಶ್ವಾಮಿತ್ರನು ಮುಖ ತಿರುಗಿಸಿ ಕೈಯೆತ್ತಿ ನಿರಾಕರಿಸುತ್ತಾನೆ. ಜನರು ಇದನ್ನು ಮಹಾಭಾರತದ ಕಥೆಯೆಂದೇ ನಂಬಿರುವರು. ಆದಿಪರ್ವದಲ್ಲಾದರೋ ಮೇನಕೆಯು ಮಾಲಿನೀನದಿಯ ದಡದಲ್ಲಿ ಶಿಶುವನ್ನು ಬಿಟ್ಟು ಇಂದ್ರಸಭೆಗೆ ಹಿಂತಿರುಗುತ್ತಾಳೆ, ಶಕುಂತಪಕ್ಷಿಗಳು ಕಾಪಾಡುತ್ತವೆ, ಕಣ್ವನು ಎತ್ತಿಕೊಳ್ಳುತ್ತಾನೆ. ಮುಖಾಮುಖಿಯ ನಿರಾಕರಣೆಯೆಂಬುದು ಅಲ್ಲಿಲ್ಲ. ಮುಂದೆ ದುಷ್ಯಂತನು ಸಭೆಯಲ್ಲಿ ಶಕುಂತಲೆಯನ್ನು ನಿರಾಕರಿಸುವುದಕ್ಕೆ ತಂದೆಯ ನಿರಾಕರಣೆಯನ್ನು ಪೂರ್ವಚ್ಛಾಯೆಯಾಗಿ ಇಟ್ಟಂತಾಯಿತೆಂದು ಸಮರ್ಥಿಸಬಹುದು. ಆದರೂ ಎತ್ತಿದ ಆ ಕೈ ಕೂಗಿ ಹೇಳುತ್ತದೆ. ೧೮೯೮ರ ಚಿತ್ರದ ಮೌನವು ಇದರಲ್ಲಿಲ್ಲ.

ಮತ್ತು ಈ ಚಿತ್ರವೇ ರವಿವರ್ಮನ ಅಚ್ಚುಕೂಟದಿಂದ ಮೊದಲು ಹೊರಬಿದ್ದುದು. ಆತನ ಚಿತ್ರಗಳನ್ನು ಓಲಿಯೋಗ್ರಾಫ್ ಮಾಡಿಸಿ ಹಂಚಬೇಕೆಂಬ ಸಲಹೆಯು ದಿವಾನ್ ಟಿ. ಮಾಧವರಾಯರದು. ೧೮೯೪ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟವು ಆರಂಭವಾಯಿತು; ಜರ್ಮನ್ ಕುಶಲಿಗಳು ಬಂದರು. ಇದು ಕಲ್ಲಚ್ಚಿನ ಒಂದು ಭೇದ. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ಒಂದರ ಮೇಲೊಂದರಂತೆ ಒತ್ತಿ, ಕೊನೆಗೆ ಮೆರುಗೆಣ್ಣೆ ಹಚ್ಚಿ, ತೈಲಚಿತ್ರದ ಭ್ರಾಂತಿಯನ್ನು ಹುಟ್ಟಿಸುವರು. ಕಲ್ಲುಗಳ ಜೋಡಣೆಯು ಎಳೆಯಷ್ಟು ತಪ್ಪಿದರೂ ಕಣ್ಣು ತುಟಿಗಳ ಭಾವವು ಕೆಡುತ್ತದೆ. ಮೂಲಚಿತ್ರವನ್ನು ನೋಡದೆ ಅಚ್ಚಿನ ಪಟವನ್ನೇ ನೋಡಿ ರವಿವರ್ಮನನ್ನು ಅಳೆಯುವವರು ಇದನ್ನು ನೆನಪಿಡತಕ್ಕುದು.

ವ್ಯಾಪಾರವು ಸಹೋದರರಿಗೆ ಒಗ್ಗಲಿಲ್ಲ. ಮುಂಬಯಿಯಲ್ಲಿ ಪ್ಲೇಗು ಹಬ್ಬಿತು, ಸಾಲವೂ ಬೆಳೆಯಿತು. ಅಚ್ಚುಕೂಟವನ್ನು ಲೋನಾವಳದ ಬಳಿಯ ಮಳವಳಿಗೆ ಸಾಗಿಸಿದರು (ಮಂಡ್ಯದ ಸೀಮೆಯ ಮಳವಳ್ಳಿಯಲ್ಲ). ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅದನ್ನು ಫ್ರಿಟ್ಜ್ ಶ್ಲೈಖರ್ ಎಂಬ ಜರ್ಮನ್ ಕುಶಲಿಗೆ ಮಾರಬೇಕಾಯಿತು. ಆ ಮೇಲೆ ರವಿವರ್ಮನ ಹೆಸರಿನಲ್ಲಿ ಹೊರಟ ಎಷ್ಟೋ ಪಟಗಳಿಗೂ ಆತನ ಕೈಗೂ ಸಂಬಂಧವಿಲ್ಲ. ಆದರೂ ದೇವಾಲಯದ ಗರ್ಭಗುಡಿಗೆ ಪ್ರವೇಶವೇ ಇಲ್ಲದಿದ್ದವರ ಗುಡಿಸಲಿಗೂ ಕಾಸಿನ ಬೆಲೆಗೆ ಲಕ್ಷ್ಮೀ ಸರಸ್ವತಿಯರು ಬಂದು ನೆಲಸಿದುದು ಈ ಕಲ್ಲುಗಳಿಂದ. ಪಂಡಿತರು ಮೂಗುಮುರಿಯುವ ಮುಂಚೆ ಇದನ್ನು ತೂಗಿನೋಡಬೇಕು.

ತಮ್ಮನಾದ ರಾಜರಾಜವರ್ಮನು ೧೯೦೫ರಲ್ಲಿ ತೀರಿಕೊಂಡನು. ಪ್ರಕೃತಿದೃಶ್ಯದಲ್ಲಿ ಆತನು ನಿಪುಣ. ಅಣ್ಣನ ಎಷ್ಟೋ ಚಿತ್ರಗಳ ಹಿನ್ನೆಲೆಯು ಆತನ ಸಹಾಯದಿಂದ ಆದುದು. ನಾಲ್ವಡಿ ಕೃಷ್ಣರಾಜ ಒಡೆಯರವರು ಅಪೇಕ್ಷಿಸಿದ ಒಂಬತ್ತು ಪುರಾಣಚಿತ್ರಗಳ ಕೆಲಸವು ಆಗ ನಡೆಯುತ್ತಿದ್ದಿತು. ಜಟಾಯುವಧೆ, ಶ್ರೀರಾಮನು ಸಮುದ್ರರಾಜನ ಗರ್ವವನ್ನಡಗಿಸಿದುದು, ಕೃಷ್ಣಸಂಧಾನ ಮುಂತಾದ ಇವು ಮೈಸೂರಿನ ಜಗನ್ಮೋಹನ ಅರಮನೆಗೆ ಸೇರಿದವು. ಮಧುಮೇಹದಿಂದ ಬಳಲಿದ ರವಿವರ್ಮನು ೧೯೦೬ರ ಅಕ್ಟೋಬರ್ ೨ರಂದು ಕಿಳಿಮಾನೂರಿನಲ್ಲಿ ಕಾಲವಾದನು.

ಖಂಡನೆಯ ಭರವು ಏರಿದುದು ಮರುವರ್ಷದಿಂದ. ೧೯೦೭ರಲ್ಲಿ ಮಾಡರ್ನ್ ರಿವ್ಯೂ ಪತ್ರಿಕೆಯಲ್ಲಿ ಆನಂದ ಕುಮಾರಸ್ವಾಮಿಯು ರವಿವರ್ಮನ ಚಿತ್ರಗಳಲ್ಲಿ ಕಲ್ಪನೆಯು ಕಡಮೆ, ನಾಟಕೀಯತೆಯು ಹೆಚ್ಚು ಎಂದನು. ನಿವೇದಿತೆಯೂ ಹ್ಯಾವೆಲನೂ ಇದೇ ಪಕ್ಷದವರು. ಅವನೀಂದ್ರನಾಥ ಠಾಕೂರರ ಹೊಸ ಪದ್ಧತಿಯನ್ನು ಎತ್ತಿಹಿಡಿಯುವುದು ಇವರ ಉದ್ದೇಶ. ಪೂರ್ವಪಕ್ಷದಲ್ಲಿ ಹುರುಳಿಲ್ಲದಿಲ್ಲ, ಶಕುಂತಲಾಜನನದಲ್ಲಿ ನಾಟಕೀಯತೆಯು ಮಿತಿಮೀರಿದುದನ್ನು ಮೇಲೆ ಒಪ್ಪಿದೆ. ಆದರೆ ನಾಟಕೀಯತೆಯೇ ದೋಷವೆಂಬುದು ಭಾರತೀಯ ಸಿದ್ಧಾಂತವಲ್ಲ. ನೃತ್ತಶಾಸ್ತ್ರವನ್ನು ಅರಿಯದವನಿಗೆ ಚಿತ್ರಸೂತ್ರವು ತಿಳಿಯದೆಂದು ವಿಷ್ಣುಧರ್ಮೋತ್ತರದಲ್ಲಿ ಮಾರ್ಕಂಡೇಯನೇ ವಜ್ರನಿಗೆ ಉಪದೇಶಿಸುತ್ತಾನೆ. ಹಸ್ತ, ದೃಷ್ಟಿ, ಸ್ಥಾನಕ ಇವೆಲ್ಲ ಚಿತ್ರಕ್ಕೂ ನಾಟ್ಯಕ್ಕೂ ಸಾಧಾರಣ. ನಂದಿಕೇಶ್ವರನ ಅಭಿನಯದರ್ಪಣವನ್ನು ೧೯೧೭ರಲ್ಲಿ ದುಗ್ಗಿರಾಲ ಗೋಪಾಲಕೃಷ್ಣಯ್ಯನೊಡಗೂಡಿ ಆಂಗ್ಲಭಾಷೆಗೆ ತಂದವನೂ ಕುಮಾರಸ್ವಾಮಿಯೇ ಎಂಬುದು ಗಮನಾರ್ಹ. ಆಕ್ಷೇಪವನ್ನು ತಿದ್ದಿ ಹೇಳುವುದಾದರೆ, ರವಿವರ್ಮನು ರಂಗವನ್ನು ಅನುಸರಿಸಿದುದು ತಪ್ಪಲ್ಲ. ಭರತನ ರಂಗವನ್ನು ಬಿಟ್ಟು ಕೆಲವೆಡೆ ತನ್ನ ಕಾಲದ ನಾಟಕಮಂಡಲಿಗಳ ರಂಗವನ್ನು ಅನುಸರಿಸಿದುದು ತಪ್ಪು.

ಈ ಎರಡು ಧಾರೆಗಳೂ ಮೈಸೂರಿನಲ್ಲಿ ಸಂಧಿಸಿದುವೆಂಬುದು ಕನ್ನಡಿಗರಿಗೆ ವಿಶೇಷ ಸಂಗತಿ. ರವಿವರ್ಮನಿಂದ ಒಂಬತ್ತು ಚಿತ್ರಗಳನ್ನು ಬರೆಯಿಸಿದ ಕೃಷ್ಣರಾಜ ಒಡೆಯರವರ ಆಶ್ರಯದಲ್ಲಿಯೇ, ಮೈಸೂರಿನ ಚಿತ್ರಗಾರರ ಮನೆತನದಲ್ಲಿ ೧೮೮೬ರಲ್ಲಿ ಹುಟ್ಟಿದ ಕೆ. ವೆಂಕಟಪ್ಪನವರು ೧೯೦೯ರಲ್ಲಿ ಕಲಕತ್ತೆಗೆ ಹೋಗಿ ಅವನೀಂದ್ರನಾಥರ ಶಿಷ್ಯರಾದರು. ನಿವೇದಿತೆಯು ಆರಂಭಿಸಿ, ೧೯೧೧ರಲ್ಲಿ ಆಕೆಯು ಗತಿಸಿದ ಬಳಿಕ ಕುಮಾರಸ್ವಾಮಿಯು ಪೂರೈಸಿದ ಹಿಂದೂ ಬೌದ್ಧ ಪುರಾಣಕಥೆಗಳ ಗ್ರಂಥವು ೧೯೧೩ರಲ್ಲಿ ಪ್ರಕಟವಾದಾಗ ಅದರ ಚಿತ್ರಕಾರರಲ್ಲಿ ವೆಂಕಟಪ್ಪನವರೂ ಒಬ್ಬರು. ಅವರು ೧೯೬೫ರಲ್ಲಿ ಕಾಲವಾದರು. ಅವರ ಕೃತಿಗಳು ಬೆಂಗಳೂರಿನಲ್ಲಿ ಅವರ ಹೆಸರಿನ ಚಿತ್ರಶಾಲೆಗೆ ಸೇರಿದುವು. ರವಿವರ್ಮನ ಖಂಡನಕಾರರು ತಮ್ಮ ಗ್ರಂಥಕ್ಕೆ ಆರಿಸಿಕೊಂಡ ಕುಂಚಗಳಲ್ಲಿ ಒಂದು, ರವಿವರ್ಮನ ಕಡೆಯ ಪೋಷಕರ ಊರಿನಿಂದಲೇ ಹೋದುದಾಗಿದ್ದಿತು.